ಒಂದನೇ ನಂಬರಿನ ಮರ

ಹೆಂಡತಿ: ಮರ ಒಣಗಿದೆ ಅಂತ ನಿಮಗೆ ಹೇಳಿದ್ಯಾರು?

ನಕ್ಷೆಗಾರ: ಯಾರೂ ಹೇಳಿಲ್ಲ ಕಣೇ. ಪಟ್ಟಿ ಹೇಳ್ತಿದೆ.

ಹೆಂಡತಿ: ತಲೆ ಎತ್ತಿ ನೋಡ್ರೀ. ಎಲೆ ಕಾಣಿಸ್ತಿಲ್ವಾ?

ನಕ್ಷೆಗಾರ: ಕಾಣಿಸ್ತಿದೆ. ಕಣ್ಣಿಗೆ ಕಂಡಿದ್ದನ್ನೆಲ್ಲ ದಾಖಲೆ ಅನ್ನೋಕಾಗಲ್ಲ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು. ಏನು ಮಾಡುವುದು, ಪುರಸಭೆಯ ನಕ್ಷೆ ವಿಭಾಗದಲ್ಲಿ ಕುರ್ಚಿ ಸವೆಸಿದವನ ನಾಲಿಗೆ. ಊರಿನ ಮರಗಳನ್ನೆಲ್ಲ ನಕ್ಷೆಯ ಮೇಲೆ ಚುಕ್ಕೆ ಮಾಡಿದವನು ಇವನೇ. ಪ್ರತಿ ಚುಕ್ಕೆಗೂ ಒಂದು ನಂಬರು, ಅದೇ ನಂಬರಿನ ತಗಡು ಮರದ ಕಾಂಡಕ್ಕೆ, ಕಂಪ್ಯೂಟರಿನ ಪಟ್ಟಿಯಲ್ಲಿ ಅದೇ ನಂಬರಿನ ಮುಂದೆ ಜಾತಿ, ಎತ್ತರ, ಸ್ಥಿತಿ. ಚುಕ್ಕೆ ಮುಟ್ಟಿದರೆ ಸಾಕು, ಮರದ ಹಣೆಬರಹವೆಲ್ಲ ಬಿಚ್ಚಿಕೊಳ್ಳುತ್ತದೆ. ನಂಬರು ಎಲ್ಲಿಂದ ಶುರು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ದೊಡ್ಡಸ್ತಿಕೆಗೆ ತನ್ನ ಮನೆಬಾಗಿಲಿನಿಂದಲೇ ಶುರು ಮಾಡಿದ್ದ. ಈಗ ಆ ಒಂದನೇ ನಂಬರಿನ ಕೆಳಗೆ ಪುರಸಭೆಯ ಗರಗಸದವನು ನಿಂತಿದ್ದಾನೆ. ಮದುವೆಯಾದ ವರ್ಷ ಹೆಂಡತಿ ಬಕೆಟಿನಲ್ಲಿ ನೀರು ಹೊತ್ತು ಬೆಳೆಸಿದ ಮರ ಅದು.

ಗರಗಸದವನು: ಸಾರ್, ಬೇಗ ತೀರ್ಮಾನ ಮಾಡಿ. ಇದು ಮುಗಿಸಿ ಎರಡನೇ ಮರಕ್ಕೆ ಹೋಗ್ಬೇಕು.

ಹೆಂಡತಿ: ಎರಡನೇದೂ ಒಣಗಿದ್ಯಾ?

ಗರಗಸದವನು: ಒಂದರಿಂದ ನಲವತ್ತರವರೆಗೂ ಒಣಗಿದೆ ಅಮ್ಮಾ. ನಿಮ್ಮ ಬೀದಿ ಪೂರ್ತಿ.

ಹೆಂಡತಿ: ಬೀದಿ ಹಸಿರಾಗಿದೆಯಲ್ಲಪ್ಪ.

ಗರಗಸದವನು: ನಂಗೂ ಹಂಗೇ ಕಾಣ್ತು. ಆದ್ರೆ ಪಟ್ಟಿ ಸಾರ್ ಮಾಡಿದ್ದಲ್ವಾ, ನಾನೇ ಕಣ್ಣುಜ್ಜಿಕೊಂಡೆ.

ಒಂದೂ ಬಿಡದೆ ಸಾಲಾಗಿ ನಲವತ್ತು. ನಕ್ಷೆಗಾರ ಮನೆಯೊಳಗೆ ಓಡಿ ಹೋಗಿ ಬಂದ. ಲ್ಯಾಪ್‌ಟಾಪನ್ನು ಮೆಟ್ಟಿಲ ಮೇಲಿಟ್ಟು ಪಟ್ಟಿ ತೆರೆದ. ನೋಡಿದ. ಮುಚ್ಚಿದ. ಮತ್ತೆ ತೆರೆದ.

ನಕ್ಷೆಗಾರ: ಇವಳೇ, ನಿನ್ನೆ ಸಾಹೇಬ್ರು, ಒಣಗಿದ್ದೆಲ್ಲ ಮೇಲ್ಗಡೆ ಬರ್ಲಿ, ನೋಡೋಕೆ ಸುಲಭ ಅಂದ್ರು.

ಹೆಂಡತಿ: ತಂದ್ರಾ?

ನಕ್ಷೆಗಾರ: ತಂದೆ. 'ಒಣಗಿದೆ' ಅನ್ನೋದನ್ನ ಮಾತ್ರ ತಂದೆ. ನಂಬರುಗಳನ್ನ ಇದ್ದಲ್ಲೇ ಬಿಟ್ಟೆ.

ಹೆಂಡತಿ: ಬಿಡಿಸಿ ಹೇಳಿ.

ನಕ್ಷೆಗಾರ: ಒಂದು ಕಾಲಂ ಮಾತ್ರ ವಿಂಗಡಿಸ್ದೆ. ಪಕ್ಕದ್ದು ಅಲ್ಲಾಡ್ಲಿಲ್ಲ. ಯಾರದೋ ರೋಗ ಯಾರಿಗೋ ಅಂಟ್ಕೊಂಡಿದೆ.

ಹೆಂಡತಿ: ಕಾಲುಚೀಲ ಜೋಡಿಸಿ ಅಂದಾಗ್ಲೂ ಹೀಗೇ ಮಾಡಿದ್ರಿ. ಬಣ್ಣದ ಪ್ರಕಾರ ಇಡ್ತೀನಿ ಅಂತ ಕೂತು, ಮಗಳ ಕಾಲುಚೀಲ ನಿಮ್ಮ ಬೂಟಿಗೆ ತುರುಕಿದ್ರಿ.

ನಕ್ಷೆಗಾರ: ಬಣ್ಣ ಸರಿಯಾಗೇ ಇತ್ತು.

ಅವನು ಸಾಹೇಬರಿಗೆ ಫೋನು ಮಾಡಿದ. ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ ಮಹಾನುಭಾವ. ಹಿಂದಿನ ದಿನ ಸಭೆಯಲ್ಲಿ, "ತಪ್ಪಿದ್ದರೆ ಮರದಲ್ಲಿರಬೇಕು, ನನ್ನ ಪಟ್ಟಿಯಲ್ಲಲ್ಲ" ಎಂದು ಮೇಜು ಕುಟ್ಟಿ ಹೇಳಿ ಬಂದಿದ್ದ.

ಹೆಂಡತಿ: ನೀನೇ ನಿಲ್ಸಪ್ಪ.

ಗರಗಸದವನು: ನಾನು ನಿಲ್ಸೋಕಾಗಲ್ಲಮ್ಮಾ, ಸಾಹೇಬ್ರು ಹೇಳ್ಬೇಕು. ಕಡಿಯೋಕೆ ಮುಂಚೆ ನಂಬರ್ ತಗಡು ಕಾಣೋ ಹಾಗೆ ಫೋಟೊ ಕಳಿಸ್ತೀನಿ. ಮೀಟಿಂಗಲ್ಲಿದ್ರೂ ಅದನ್ನ ನೋಡ್ತಾರೆ.

ನಕ್ಷೆಗಾರ: ಸಂಜೆ ನಾನೇ ಸಮಾಧಾನವಾಗಿ ವಿವರಿಸ್ತೀನಿ. ತಾಂತ್ರಿಕ ಕಾರಣ ಅಂತ...

ಹೆಂಡತಿ: ಸಂಜೆ ಹೊತ್ತಿಗೆ ಮರ ಸೌದೆ ಆಗಿರತ್ತೆ.

ಅವಳು ಮರದ ಹತ್ತಿರ ಹೋದಳು. ಕಾಂಡಕ್ಕೆ ಕಟ್ಟಿದ್ದ ತಂತಿ ಬಿಚ್ಚಿ, ತಗಡನ್ನು ತಂದು ಗಂಡನ ಕೊರಳಿಗೆ ಹಾಕಿದಳು. ಅವನು ಕೊಸರಾಡಲಿಲ್ಲ. ಮರದ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿ, ಕಾಂಡಕ್ಕೆ ಬೆನ್ನು ಕೊಟ್ಟು ನಿಂತ. ತನ್ನ ಮರ್ಯಾದೆ ಮತ್ತೆ ಚಿಗುರಿದರೂ ಚಿಗುರೀತು, ಬುಡಸಮೇತ ಕಡಿದ ಮರ ಚಿಗುರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಹೆಂಡತಿ: ತೆಗಿಯಪ್ಪ ಫೋಟೊ.

ಗರಗಸದವನು: ಕೆಳಗೆ ಏನಂತ ಬರೀಲಿ ಸಾರ್?

ನಕ್ಷೆಗಾರ: ಬರಿ. ಒಂದೇ ಕಾಲಂ ವಿಂಗಡಿಸಿ ಪಟ್ಟಿ ಕೆಡಿಸಿದ್ದು ನಾನು. ತಪ್ಪು ಮರದಲ್ಲಿಲ್ಲ.

ಫೋಟೊ ಹೋಯಿತು. ಮೂವರೂ ಫೋನನ್ನೇ ನೋಡುತ್ತ ನಿಂತರು. ಅದು ಟಿಣ್ ಎಂದಿತು. ಗರಗಸದವನು ಮೊದಲು ಮನಸ್ಸಿನಲ್ಲೇ ಓದಿಕೊಂಡು, ತುಟಿ ಬಿಗಿಹಿಡಿದು ಗರಗಸ ಕೆಳಗಿಟ್ಟ.

ಹೆಂಡತಿ: ಏನಂತೆ?

ಗರಗಸದವನು: "ನಲವತ್ತೂ ನಿಲ್ಲಿಸಿ. ಫೋಟೊ ನೋಡಿದೆ, ಒಂದನೇ ನಂಬರಿಗೂ 'ಒಣಗಿದೆ' ಎಂಬ ಸ್ಥಿತಿಗೂ ಈಗ ತಾಳೆಯಾಗುತ್ತಿದೆ. ಇದನ್ನು ಕಡಿಯುವುದು ಬೇಡ, ಹಾಗೇ ಆಫೀಸಿಗೆ ಕಳಿಸಿ."