ಕೆಮ್ಮಿನವರೆಗಿನ ಹಾಡು

ದೊಡ್ಡ ಗಾಯಕರು ಪುರಭವನದಲ್ಲಿ ತಮ್ಮ ಹೊಸ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋದದ್ದಕ್ಕೆ ಏಳನೆಯ ಸಾಲಿನಲ್ಲಿ ಕೂತಿದ್ದ ಉಪ್ಪಿನ ವ್ಯಾಪಾರಿಯೊಬ್ಬನ ಕೆಮ್ಮೇ ಕಾರಣವೆಂಬುದು ಸರ್ಕಾರ ಒಪ್ಪಿಕೊಂಡಿರುವ ಸತ್ಯ. ಆ ಹಾಡಿನ ಎರಡನೆಯ ಅರ್ಧವನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಗಾಯಕರು ಮತ್ತೆ ವೇದಿಕೆ ಹತ್ತಲಿಲ್ಲ. ಅಲ್ಲಿಯವರೆಗೆ ಬರೀ ಉಪ್ಪಿನ ಗೋದಾಮುಗಳ ಊರಾಗಿದ್ದ ನಗರ ಅವತ್ತಿನಿಂದ ಸಂಗೀತ ಪರಂಪರೆಯ ನಗರವಾಯಿತು. ಪ್ರವಾಸಿಗರು ಬರತೊಡಗಿದರು. ಗೋದಾಮುಗಳು ಹೋಟೆಲುಗಳಾದವು.

ಉಳಿದ ಅರ್ಧವನ್ನು ಪತ್ತೆಹಚ್ಚಲು ಸರ್ಕಾರ ಉತ್ತರಾರ್ಧ ಸಂಶೋಧನಾಲಯವನ್ನು ಸ್ಥಾಪಿಸಿತು. ಅದಕ್ಕೆ ಒಬ್ಬ ನಿರ್ದೇಶಕರು, ಅವರ ಕೈಕೆಳಗೆ ಜಂಟಿ ನಿರ್ದೇಶಕರು, ಅವರ ಕೈಕೆಳಗೆ ಕಾರುಗಳು. ದೊಡ್ಡ ಗಾಯಕರು ಆಮೇಲೂ ಬಹಳ ವರ್ಷ ಬದುಕಿದ್ದರು. ಸಂಶೋಧನಾಲಯದ ಎದುರು ಮನೆಯೇ ಅವರದು. ಅವರು ಹಲ್ಲುಜ್ಜುವುದು ನಿರ್ದೇಶಕರ ಕಿಟಕಿಯಿಂದ ಕಾಣುತ್ತಿತ್ತು. ಆದರೆ ಸಂಶೋಧನೆಗೆಂದು ಕಚೇರಿ ಬಿಟ್ಟು ಹೋಗುವ ನೌಕರರು ಪ್ರಯಾಣಭತ್ಯೆ ಪಡೆಯತಕ್ಕದ್ದು ಎಂದು ನಿಯಮವಿತ್ತು, ರಸ್ತೆ ದಾಟುವುದಕ್ಕೆ ಭತ್ಯೆ ಇರಲಿಲ್ಲ. ಭತ್ಯೆ ಮಂಜೂರು ಮಾಡಬೇಕೆಂದು ಸರ್ಕಾರಕ್ಕೆ ಬರೆದುಕೊಂಡರು. ಗಾಯಕರು ತೀರಿಕೊಂಡ ಮರುವಾರ ಮಂಜೂರಾಯಿತು. ಆಗ ನಿರ್ದೇಶಕರು ಸಿಬ್ಬಂದಿಸಮೇತ ರಸ್ತೆ ದಾಟಿ, ಸಂತಾಪ ಸೂಚಿಸಿ, ಭತ್ಯೆ ಪಡೆದು ವಾಪಸಾದರು.

ಈ ನಗರಕ್ಕೆ ಒಂದು ಶುಕ್ರವಾರ ಒಬ್ಬ ಲಿಫ್ಟ್ ಮೆಕ್ಯಾನಿಕ್ ತನ್ನ ಅಕ್ಕನ ಜೊತೆ ಬಂದಿಳಿದ. ಅವನಿಗೆ ಒಂದು ಕಾಯಿಲೆ ಇತ್ತು. ದೊಡ್ಡ ಗಾಯಕರ ಆ ಅರ್ಧ ಹಾಡಿನ ಕ್ಯಾಸೆಟ್ಟನ್ನು ಚಿಕ್ಕಂದಿನಲ್ಲಿ ಕೇಳಿ ಕೇಳಿ, ಹಾಡು ತಲೆಯೊಳಗೆ ಸೇರಿಕೊಂಡು ಹೊರಗೆ ಬಾರದೆ ಕೂತಿತ್ತು. ಕ್ಯಾಸೆಟ್ ಕಂಪನಿಯವರು ಕೆಮ್ಮು ಗಲೀಜೆಂದು ಕತ್ತರಿಸಿ ಹಾಕಿದ್ದರಿಂದ ಹಾಡು ಮೇಲೇರಿ ಏರಿ ತಟ್ಟನೆ ಇಲ್ಲವಾಗುತ್ತಿತ್ತು. ಅವನು ಮಲಗಿದ ಕೂಡಲೇ ಅದು ಶುರುವಾಗುತ್ತಿತ್ತು, ಆ ಜಾಗಕ್ಕೆ ಬರುತ್ತಿತ್ತು, ಮುಂದಕ್ಕೆ ದಾರಿ ಕಾಣದೆ ಮತ್ತೆ ಮೊದಲಿಂದ ಹೊರಡುತ್ತಿತ್ತು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ಎಂದು ಅವನು ವೈದ್ಯರಿಗೆ ವಿವರಿಸಿದ. ವೈದ್ಯರು ಲಿಫ್ಟಿಗೆ ಔಷಧವಿಲ್ಲ ಅಂದರು. ಉಳಿದ ಅರ್ಧ ಒಮ್ಮೆ ಕಿವಿಗೆ ಬಿದ್ದರೆ ತಾನು ನಿದ್ದೆ ಮಾಡುತ್ತೇನೆಂಬುದು ಅವನ ನಂಬಿಕೆ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಪಕ್ಕದ ಕೋಣೆಯಲ್ಲಿ ತಮ್ಮ ಗುನುಗುವುದನ್ನು ಗೋಡೆಯಾಚೆಯಿಂದ ಕೇಳುತ್ತ ಅವಳಿಗೂ ಸರಿಯಾಗಿ ನಿದ್ದೆಯಿರಲಿಲ್ಲ. ಅದಕ್ಕೇ ಬಂದಿದ್ದಳು, ಸಂಗೀತಕ್ಕಲ್ಲ.

ಪುರಭವನ ತೋರಿಸಿದ ಮಾರ್ಗದರ್ಶಕಿ ಕೈಯಲ್ಲೊಂದು ಪುಟ್ಟ ಬಾವುಟ ಹಿಡಿದಿದ್ದಳು. ಮೊದಲು ಕೆಮ್ಮಿನ ಕುರ್ಚಿ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಮ್ಮು ಸಾಗಿದ ದಾರಿಯನ್ನು ನೆಲದ ಮೇಲೆ ಹಿತ್ತಾಳೆಯ ಬಾಣಗಳಿಂದ ಗುರುತಿಸಿದ್ದರು. ಪ್ರವಾಸಿಗರು ಬಾಣಗಳನ್ನು ತುಳಿಯದೆ ಅಕ್ಕಪಕ್ಕ ಕಾಲಿಟ್ಟು ನಡೆಯತಕ್ಕದ್ದು. ಬಾಗಿಲ ಬಳಿಯ ಅಂಗಡಿಯಲ್ಲಿ ಸ್ಮಾರಕ ಕರವಸ್ತ್ರಗಳಿದ್ದವು. ದೊಡ್ಡ ಗಾಯಕರ ಚಿತ್ರ ಎಲ್ಲಿದೆ ಎಂದು ಅಕ್ಕ ಕೇಳಿದಳು. ಮಾರ್ಗದರ್ಶಕಿ ಶೌಚಾಲಯದ ಪಕ್ಕದ ಗೋಡೆಯನ್ನು ತೋರಿಸಿದಳು. ಕೆಮ್ಮಿನ ಜಾಗ ವಿಸ್ತಾರವಾದ ಮೇಲೆ ಅವರನ್ನು ಅಲ್ಲಿಗೆ ವರ್ಗ ಮಾಡಲಾಗಿತ್ತು.

ಗೋಡೆಯ ಮೇಲೊಂದು ಪ್ರಕಟಣೆ ಇತ್ತು: "ಪ್ರೇಕ್ಷಕರ ಗಮನಕ್ಕೆ. ಭವನದಲ್ಲಿ ಕೆಮ್ಮುವ ಅಧಿಕಾರವು ಅಧಿಕೃತ ಕೆಮ್ಮುಗಾರರಿಗೆ ಮಾತ್ರ ಸೇರಿರುತ್ತದೆ. ಖಾಸಗಿ ಕೆಮ್ಮು, ಕೆಮ್ಮನ್ನು ಹೋಲುವ ಸೀನು ಹಾಗೂ ಉದ್ದೇಶಪೂರ್ವಕವಾಗಿ ಗಂಟಲು ಸರಿಪಡಿಸಿಕೊಳ್ಳುವುದು ಶಿಕ್ಷಾರ್ಹ. ಕೆಮ್ಮು ಬರುವ ಸಂಭವವಿರುವವರು ಅದನ್ನು ಹೊರಗೆ ಮುಗಿಸಿಕೊಂಡು ಬರತಕ್ಕದ್ದು."

ಲಿಫ್ಟ್ ಮೆಕ್ಯಾನಿಕ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಅವನು ಅಕ್ಕನನ್ನು ಕರೆದುಕೊಂಡು ಸೀದಾ ಸಂಶೋಧನಾಲಯಕ್ಕೆ ಹೋದ. ನಿರ್ದೇಶಕರು ಒಳ್ಳೆಯವರು, ಕೂರಿಸಿ ಮಾತಾಡಿದರು. ಇಷ್ಟು ವರ್ಷದಲ್ಲಿ ಏನು ಸಿಕ್ಕಿದೆ ಎಂದು ಅವನು ಕೇಳಿದ್ದಕ್ಕೆ, ಕಟ್ಟಡಕ್ಕೆ ಜಾಗ ಸಿಕ್ಕಿದೆ, ಎರಡನೆಯ ಮಹಡಿಗೆ ಅನುಮತಿ ಸಿಕ್ಕಿದೆ ಎಂದು ವಿವರಿಸಿದರು. ಹಾಡಿನದೇನು ಎಂದು ಅವನು ಮತ್ತೆ ಕೇಳಿದ. ನಿರ್ದೇಶಕರು ಬಾಗಿಲು ಮುಚ್ಚಿ ಬಂದರು.

"ನೋಡಪ್ಪ, ನೀನು ದೂರದಿಂದ ಬಂದಿದ್ದೀಯ, ನಿನ್ನ ಹತ್ರ ಮುಚ್ಚಿಟ್ಟು ಏನು ಮಾಡಲಿ. ಅದು ಸಿಕ್ಕಿಬಿಟ್ರೆ ಈ ಆಫೀಸು ಯಾತಕ್ಕೆ? ನಮ್ಮನ್ನೆಲ್ಲ ಎಲ್ಲಿಗೆ ಹಾಕ್ತಾರೆ? ನೀರು ಸರಬರಾಜಿಗೆ ಹಾಕ್ತಾರೆ. ಅಲ್ಲಿ ಜನ ದಿನಾ ಬಂದು ನೀರು ಕೇಳ್ತಾರೆ."

"ನಾನು ಹಾಡು ಕೇಳ್ತಾ ಇದೀನಲ್ಲ ಸಾರ್."

"ನೀನೊಬ್ಬ. ಅವರು ಊರಿಗೆ ಊರೇ."

ಅಕ್ಕ ಹೊರಗೆ ಬಂದ ಮೇಲೆ, ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಅಂದಳು. ಅವಳ ಬೀದಿಗೂ ನೀರು ಬರುತ್ತಿರಲಿಲ್ಲ.

ಉಳಿದ ಒಂದೇ ಆಸೆ ಭಾನುವಾರದ ಸಂಗೀತ ಕಛೇರಿ. ವರ್ಷಕ್ಕೊಮ್ಮೆ ನಡೆಯುವ ಈ ಸ್ಮರಣಾರ್ಥ ಕಛೇರಿಯಲ್ಲಿ ಆ ಹಾಡನ್ನು ಕೆಮ್ಮಿನವರೆಗೆ ಹಾಡಲಾಗುತ್ತದೆ. ಅಲ್ಲಿಗೆ ಬಂದಾಗ ಅಧಿಕೃತ ಕೆಮ್ಮುಗಾರರು ಕೆಮ್ಮುತ್ತಾರೆ, ಹಾಡುವವರು ಶಾಲು ಕೊಡವಿ ಎದ್ದು ಹೋಗುತ್ತಾರೆ, ಜನ ಕಣ್ಣೊರೆಸಿಕೊಂಡು ಊಟಕ್ಕೆ ಹೋಗುತ್ತಾರೆ. ಈ ಸಲದ ಗಾಯಕಿ ಚಿಕ್ಕ ವಯಸ್ಸಿನವಳು. ಹುದ್ದೆಯ ಹೆಸರು ಗಾಯಕಿ (ಕೆಮ್ಮಿನವರೆಗೆ). ಹಿಂದಿನ ದಿನ ಸಂಗೀತ ಶಾಲೆಯ ಮೆಟ್ಟಿಲ ಮೇಲೆ ಮೆಕ್ಯಾನಿಕ್ ಅವಳನ್ನು ಹಿಡಿದು, ಆಮೇಲಿನದನ್ನು ಒಂದಿಷ್ಟು ಊಹಿಸಿಯಾದರೂ ಹಾಡಮ್ಮ ಎಂದು ಬೇಡಿಕೊಂಡಿದ್ದ. ಅವಳು, ಪಠ್ಯದಲ್ಲಿ ಅಲ್ಲಿವರೆಗೇ ಇರೋದು ಅಣ್ಣ, ಆಮೇಲೆ ಎದ್ದು ಹೋಗುವುದನ್ನು ಎರಡು ವರ್ಷ ಕಲಿಸುತ್ತಾರೆ ಅಂದಿದ್ದಳು. ಶಾಲು ಕೊಡವುವುದರಲ್ಲಿ ಅವಳು ಮೊದಲ ದರ್ಜೆ.

ಭಾನುವಾರ ಬೆಳಿಗ್ಗೆ ಭವನ ತುಂಬಿತ್ತು. ಕೆಮ್ಮು ಆಗುವ ತನಕ ಯಾರೂ ಒಳಗೆ ಬರಕೂಡದು, ಹೊರಗೆ ಹೋಗಕೂಡದು ಎಂದು ಬಾಗಿಲು ಹಾಕಿದರು. ಆದರೆ ಗಾಜಿನ ಪೆಟ್ಟಿಗೆಯ ಪಕ್ಕದ ಅಧಿಕೃತ ಕುರ್ಚಿ ಖಾಲಿಯಿತ್ತು.

ನಡೆದದ್ದು ಇಷ್ಟು. ಅಧಿಕೃತ ಕೆಮ್ಮುಗಾರರು, ಅಂದರೆ ಆ ಉಪ್ಪಿನ ವ್ಯಾಪಾರಿಯ ಮಗ, ಅನುಕಂಪದ ಆಧಾರದ ಮೇಲೆ ಕೆಲಸಕ್ಕೆ ಸೇರಿದವರು, ಅವತ್ತು ರಜೆ ಹಾಕಿದ್ದರು. ಅವರಿಗೆ ಕೆಮ್ಮು ಬಂದಿತ್ತು. ಕೆಮ್ಮಿನಿಂದ ಬಳಲುವ ನೌಕರರು ಕರ್ತವ್ಯಕ್ಕೆ ಹಾಜರಾಗಬಾರದೆಂದು ಆರೋಗ್ಯ ಇಲಾಖೆಯ ಸುತ್ತೋಲೆ ಇದೆ. ಉಪ ಕೆಮ್ಮುಗಾರರ ಹುದ್ದೆಗೆ ಇಬ್ಬರು ನ್ಯಾಯಾಲಯದಲ್ಲಿ ಕಾದಾಡುತ್ತಿದ್ದರಿಂದ, ತೀರ್ಪು ಬರುವವರೆಗೆ ಇಬ್ಬರೂ ಗಂಟಲೆತ್ತದಂತೆ ತಡೆಯಾಜ್ಞೆ ಇತ್ತು. ಇದೆಲ್ಲ ಭವನದ ವ್ಯವಸ್ಥಾಪಕರಿಗೆ ಗೊತ್ತಿತ್ತು. ಕಛೇರಿ ಮುಂದೂಡಿದರೆ ಅನುದಾನ ಹೋಗುತ್ತದೆ. ಆದ್ದರಿಂದ ಅವರು ಯಾರಿಗೂ ಹೇಳಲಿಲ್ಲ.

ಗಾಯಕಿ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಹಾಡು ಮೇಲೇರಿತು, ಏರಿತು, ಆ ಜಾಗಕ್ಕೆ ಬಂತು. ಕೆಮ್ಮು ಬರಲಿಲ್ಲ. ಮೆಕ್ಯಾನಿಕ್ ಅಕ್ಕನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡ. ನಿಲ್ಲಿಸುವವರಿಲ್ಲ ಅಂದ ಮೇಲೆ ಹಾಡು ಮುಂದಕ್ಕೆ ಹೋಗಲೇಬೇಕು, ಬೇರೆ ದಾರಿ ಎಲ್ಲಿದೆ ಎಂದು ಅವಳ ಕಿವಿಯಲ್ಲಿ ಹೇಳಿದ. ಇಷ್ಟು ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತಂತೆ ಅವನ ಮುಖ ಅರಳಿತ್ತು.

ಗಾಯಕಿ ಖಾಲಿ ಕುರ್ಚಿಯತ್ತ ನೋಡಿದಳು. ಕೊನೆಯ ಸಾಲನ್ನು ಇನ್ನೊಮ್ಮೆ ಹಾಡಿದಳು. ಮತ್ತೆ ನೋಡಿದಳು. ಮತ್ತೆ ಹಾಡಿದಳು. ಪಕ್ಕವಾದ್ಯದವರು ಅವಳ ಮುಖ ನೋಡಿದರು, ಅವಳು ಅವರ ಮುಖ ನೋಡಿದಳು. ಕೆಮ್ಮಿಲ್ಲದೆ ಎದ್ದು ಹೋದರೆ ಕೆಲಸ ಬಿಟ್ಟು ಹೋದಂತೆ. ಮುಂದಕ್ಕೆ ಹಾಡೋಣವೆಂದರೆ ಮುಂದೆ ಏನೂ ಇಲ್ಲ. ಆದ್ದರಿಂದ ಅವಳು ಆ ಒಂದು ಸಾಲನ್ನೇ ತಿರುಗಿಸಿ ತಿರುಗಿಸಿ ಹಾಡುತ್ತ ಹೋದಳು.

ಜನ ಮೊದಲು ತಲೆದೂಗಿದರು. ಇದು ಹೊಸ ಪ್ರಯೋಗವೆಂದು ಮುಂದಿನ ಸಾಲಿನ ನಿವೃತ್ತ ಅಧಿಕಾರಿಯೊಬ್ಬರು ಹೆಂಡತಿಗೆ ತಿಳಿಸಿದರು. ಊಟದ ಹೊತ್ತು ಬಂತು, ಹೋಯಿತು. ತಲೆದೂಗುವುದು ನಿಂತಿತು. ಭವನದಲ್ಲಿದ್ದ ಪ್ರತಿಯೊಬ್ಬರ ಗಂಟಲೂ ಕೆರೆಯತೊಡಗಿತು, ಪ್ರತಿಯೊಬ್ಬರೂ ಉಗುಳು ನುಂಗಿಕೊಂಡು ಕೂತರು, ಏಕೆಂದರೆ ಪ್ರಕಟಣೆಯನ್ನು ಎಲ್ಲರೂ ಓದಿದ್ದರು. ಸಂಶೋಧನಾಲಯದ ನಿರ್ದೇಶಕರು ಮೊದಲ ಸಾಲಿನಲ್ಲೇ ಇದ್ದರು. ತಮ್ಮ ಕಣ್ಣೆದುರೇ ಎಲ್ಲಿ ಉತ್ತರಾರ್ಧ ಹುಟ್ಟಿಬಿಡುತ್ತದೋ ಎಂದು ಬೆವೆತು ಅವರ ಅಂಗಿ ಬೆನ್ನಿಗಂಟಿತ್ತು. ವ್ಯವಸ್ಥಾಪಕರು ಬಗ್ಗಿಕೊಂಡು ಬಂದು, ಸಾರ್, ತಾವೇ ಒಮ್ಮೆ ಕೆಮ್ಮಬಹುದೇ ಎಂದು ಅವರ ಕಿವಿಯಲ್ಲಿ ಪಿಸುಗುಟ್ಟಿದರು. ತಮ್ಮದು ಉತ್ತರಾರ್ಧದ ಇಲಾಖೆ, ಕೆಮ್ಮು ಪೂರ್ವಾರ್ಧಕ್ಕೆ ಸೇರುತ್ತದೆ ಎಂದು ನಿರ್ದೇಶಕರು ತಿಳಿಸಿದರು.

ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ಗಾಯಕಿಯ ಧ್ವನಿ ಒಡೆಯತೊಡಗಿತು. ಮೆಕ್ಯಾನಿಕ್ ಮಾತ್ರ ಮುಂದಕ್ಕೆ ಬಾಗಿಕೊಂಡು, ಪ್ರತಿ ಸಲವೂ ಈಗ ಬರುತ್ತದೆ, ಈಗ ಬರುತ್ತದೆ ಎಂದು ಬಾಯಿ ತೆರೆದು ಕಾಯುತ್ತಿದ್ದ. ಅಕ್ಕ ಅವನ ತೊಡೆಗೆ ಚಿವುಟಿದಳು.

"ಕೆಮ್ಮೋ."

"ಸುಮ್ನಿರಕ್ಕ. ಮುಂದಿಂದು ಬರುತ್ತೆ."

"ಎಲ್ಲಿಂದ ಬರುತ್ತೆ? ಅವಳ ಹತ್ರ ಇಲ್ಲ ಕಣೋ. ಯಾರ ಹತ್ರಾನೂ ಇಲ್ಲ."

"ಇನ್ನೊಂದು ಸಲ ನೋಡೋಣ."

"ದಿನಾ ರಾತ್ರಿ ನಿನ್ನ ತಲೆ ಒಳಗೆ ಆಗೋದು ಈಗ ಆ ಹುಡುಗಿಗೆ ಆಗ್ತಿದೆ. ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡಿದ್ದಾಳೆ. ಅದು ನಿನ್ನ ಕೆಲಸಾನೇ ತಾನೆ? ಇಳಿಸೋ ಅವಳನ್ನ."

ಅವನು ಗಾಯಕಿಯನ್ನು ನೋಡಿದ. ಅಷ್ಟು ಹೊತ್ತೂ ಅವನು ಹಾಡನ್ನು ನೋಡುತ್ತಿದ್ದನೇ ಹೊರತು ಅವಳನ್ನಲ್ಲ. ಅವಳ ಕೈ ಶಾಲಿನ ಅಂಚನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿತ್ತು. ಸಾಲು ಮತ್ತೆ ಮೇಲೇರಿ ಆ ಜಾಗಕ್ಕೆ ಬಂತು. ಅದರಾಚೆ ಏನಿದೆಯೆಂದು ತಿಳಿಯಲು ಅವನು ಅರ್ಧ ಆಯಸ್ಸು ಕಾದಿದ್ದ.

ಅವನು ಕೆಮ್ಮಿದ.

ಗಾಯಕಿ ತಟ್ಟನೆ ನಿಲ್ಲಿಸಿದಳು, ಶಾಲು ಕೊಡವಿದಳು, ಎದ್ದು ಹೋದಳು. ಹೋಗುವಾಗ ನಿಯಮದ ಪ್ರಕಾರ ತೋರಿಸಬೇಕಾದ ಸಿಟ್ಟಿನ ಬದಲು ಅವಳು ಅವನತ್ತ ಕೈಮುಗಿದಳೆಂದು ಆಮೇಲೆ ಅವಳಿಂದ ವಿವರಣೆ ಕೇಳಲಾಯಿತು. ಭವನ ಎದ್ದು ನಿಂತಿತು. ಚಪ್ಪಾಳೆಯ ಜೊತೆಗೆ ಎಲ್ಲರೂ ತಡೆದಿಟ್ಟುಕೊಂಡಿದ್ದ ಕೆಮ್ಮನ್ನೆಲ್ಲ ಕೆಮ್ಮಿದರು, ಅದು ಕೆಮ್ಮಿನ ನಂತರದ್ದಾದ್ದರಿಂದ ಅಪರಾಧವಾಗಲಿಲ್ಲ.

ಮೆಕ್ಯಾನಿಕ್‌ನನ್ನು ಬಂಧಿಸಲು ಬಂದ ಪೊಲೀಸರಿಗೆ ಒಂದು ತೊಡಕು ಎದುರಾಯಿತು. ಅವನ ಕೆಮ್ಮು ಅಕ್ರಮವೆಂದಾದರೆ ಅದರಿಂದ ಮುಗಿದ ಕಛೇರಿಯೂ ಅಕ್ರಮ, ಅನುದಾನವೂ ಅಕ್ರಮ. ಹಾಗಾಗಿ ವ್ಯವಸ್ಥಾಪಕರ ಕೋಣೆಯಲ್ಲಿ ತುರ್ತು ಸಭೆ ಕೂಡಿ, ಅವನು ಕೆಮ್ಮುವ ಒಂದು ನಿಮಿಷ ಮೊದಲು ಹಂಗಾಮಿ ಕೆಮ್ಮುಗಾರನಾಗಿ ನೇಮಕಗೊಂಡಿದ್ದನೆಂದೂ, ಕೆಮ್ಮಿದ ಕೂಡಲೇ ವಯೋಮಿತಿ ಮೀರಿ ನಿವೃತ್ತನಾದನೆಂದೂ ತೀರ್ಮಾನಿಸಲಾಯಿತು. ಅಲ್ಲೇ ಬೀಳ್ಕೊಡುಗೆ ಸಮಾರಂಭವೂ ನಡೆಯಿತು. ಅವನ ನಿಸ್ವಾರ್ಥ ಸೇವೆಯನ್ನು ನಿರ್ದೇಶಕರು ಕೊಂಡಾಡಿದರು. ಉತ್ತರಾರ್ಧ ಹೊರಬೀಳುವ ಅಪಾಯದಿಂದ ಅವನು ನಗರವನ್ನು ಪಾರುಮಾಡಿದ್ದನ್ನು ಯಾರೂ ಮರೆಯಬಾರದೆಂದರು. ಇಲಾಖೆಯ ನಿವೃತ್ತರಿಗೆ ಕೊಡುವ ಗೋಡೆ ಗಡಿಯಾರ ಕೊಟ್ಟರು. ಎರಡು ಮಾತಾಡು ಎಂದರೆ ಅವನು, ನನಗೆ ಏನೂ ಸಿಗಲಿಲ್ಲ ಅಂದ. ಸರ್ಕಾರಿ ಸೇವೆಯಲ್ಲಿ ಇಷ್ಟು ಪ್ರಾಮಾಣಿಕ ಮಾತು ಅಪರೂಪವೆಂದು ಎಲ್ಲರೂ ಮೆಚ್ಚಿದರು.

ವಾಪಸ್ ಬರುವಾಗ ರೈಲಿನಲ್ಲಿ ಅವನು ಗೋಡೆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. 

ಮನೆಗೆ ಬಂದು ಮಲಗಿದ. ಹಾಡು ಎಂದಿನಂತೆ ಶುರುವಾಯಿತು. ಮೇಲೇರಿತು, ಏರಿತು, ಆ ಜಾಗಕ್ಕೆ ಬಂತು. ಅಲ್ಲಿ ತಲೆಯೊಳಗೆ ಒಬ್ಬ ಕೆಮ್ಮಿದ. ಯಾರೋ ಶಾಲು ಕೊಡವಿಕೊಂಡು ಎದ್ದು ಹೋದರು, ಬಾಗಿಲು ತೆರೆಯಿತು, ಜನರೆಲ್ಲ ಮನೆಗೆ ಹೋದರು. ಮತ್ತೆ ಮೊದಲಿಂದ ಹೊರಡಲು ಹಾಡೇ ಉಳಿದಿರಲಿಲ್ಲ.

ಬೆಳಿಗ್ಗೆ ಅಕ್ಕ ಬಾಗಿಲು ಬಡಿದು ಎಬ್ಬಿಸಬೇಕಾಯಿತು. ಅವಳೂ ತಡವಾಗಿ ಎದ್ದಿದ್ದಳು. ಹೇಗಿತ್ತೋ ಹಾಡು ಎಂದು ಕೇಳಿದಳು.

"ಪೂರ್ತಿ ಆಯ್ತು," ಅಂದ.

ಅಕ್ಕ ಸರಿ ಅಂದು ಕೆಲಸಕ್ಕೆ ಹೊರಟಳು. ದಾರಿಯಲ್ಲಿ ಅದೇ ಹಾಡನ್ನು ಗುನುಗಿಕೊಂಡು ನಡೆದಳು. ಆ ಜಾಗಕ್ಕೆ ಬಂದಾಗ ಒಮ್ಮೆ ಕೆಮ್ಮಿ, ರಸ್ತೆ ದಾಟಿದಳು.