ಬೀಗರ ಕುರ್ಚಿಗೆ ಹೊಸ ಫೋಮ್

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಮುಗಿದ ಚರಿತ್ರೆಯಿಲ್ಲ. ನಲ್ಲಿಗೆ ವಾಷರ್ ಹಾಕಲು ಹೊರಟರೆ ಕೆಳಗಿನ ಮನೆಯವರು ಬಕೆಟ್ ಹಿಡಿದು ಮೇಲೆ ಬರುತ್ತಾರೆ. ಯಜಮಾನರು ಮಕರಪುರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಕಬ್ಬಿಣ ಬಿಟ್ಟು ಬೇರೆ ಏನನ್ನು ಮುಟ್ಟಿದರೂ ಒಂದು ಕಥೆ ಹುಟ್ಟುತ್ತದೆ. ನಾವು ಮೈಸೂರು ಕಡೆಯಿಂದ ವಡೋದರಕ್ಕೆ ಬಂದು, ಇಲ್ಲೇ ಹುಟ್ಟಿದ ಮಗಳು ಅಹಮದಾಬಾದಿನಲ್ಲಿ ಕೆಲಸಕ್ಕೆ ಸೇರುವಷ್ಟು ಕಾಲವಾಯಿತು, ಕಥೆಗಳಿಗೆ ಮಾತ್ರ ಬರವಿಲ್ಲ.

ಈ ಸಲದ್ದು ಶುರುವಾದದ್ದು ಮಗಳ ಫೋನಿನಿಂದ. ಅವಳು ಮೆಚ್ಚಿದ ಹುಡುಗನ ಅಪ್ಪ ಅಮ್ಮ ಭಾನುವಾರ ಸೂರತ್‌ನಿಂದ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರಂತೆ. ಹುಡುಗನ ಅಮ್ಮ ಒಪ್ಪಿದ್ದಾರೆ, ಅಪ್ಪ ಇನ್ನೂ ಹೂಂ ಅಂದಿಲ್ಲ, ಮನೆಯವರನ್ನು ನೋಡಿ ಹೇಳುತ್ತಾರಂತೆ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯೆಲ್ಲ ಓಡಾಡಿ ಸುಸ್ತಾಗಿ ಊಟದ ಮೇಜಿನ ಕುರ್ಚಿಯಲ್ಲಿ ಕುಸಿದೆ. ಹಳೇ ಫೋಮ್ ಹಪ್ಪಳದಷ್ಟು ತೆಳ್ಳಗಾಗಿತ್ತು. ಕೆಳಗಿನ ಹಲಗೆ ನೇರವಾಗಿ ಬೆನ್ನುಮೂಳೆಗೆ ಬಡಿಯಿತು. ಇದರ ಮೇಲೆ ಕೂರಿಸಿದರೆ ಆ ಮನುಷ್ಯ ಹೂಂ ಅನ್ನುವ ಮೊದಲು ಅಯ್ಯೋ ಅನ್ನುತ್ತಾರೆ ಎಂದು ಹೆದರಿದೆ. ಸೋಫಾ ರಿಪೇರಿಯವರನ್ನು ಕರೆಯೋಣ ಅಂದೆ. ಯಜಮಾನರು ತೋಳು ಮಡಚಿದರು.

"ನಾನಿಲ್ವೇನೇ?" ಅಂದರು.

ಅತ್ತೆಯ ಗ್ಯಾರಂಟಿ

ಫೋಮ್ ಅಂಗಡಿಗೆ ಅತ್ತೆಯೂ ಬಂದರು. ಅಂಗಡಿಯವರು ಮೆತ್ತನೆಯದು, ಗಟ್ಟಿಯದು ಅಂತ ಹಾಳೆಗಳನ್ನು ಪೇರಿಸಿಟ್ಟು, ಕೂತು ನೋಡಿಯೇ ತಗೊಳ್ಳಿ ಅಂದರು. ಯಜಮಾನರು ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ಡೆನ್ಸಿಟಿ ವಿಚಾರಿಸುತ್ತಾ ನಿಂತರು. ಅಷ್ಟರಲ್ಲಿ ಅತ್ತೆ ಒಂದು ರಾಶಿಯ ಮೇಲೆ ಕೂತು, ಗೋಡೆಗೆ ಒರಗಿ, ಗೊರಕೆ ಶುರು ಮಾಡಿದ್ದರು. ಎಬ್ಬಿಸಲು ಹೋದರೆ ಅಂಗಡಿಯವರು ಬೇಡವೆಂದು ಕೈ ಅಡ್ಡ ಹಿಡಿದರು. ಗುಜರಾತಿನಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ 'ಬಾ' ಎಂದು ಕರೆಯುತ್ತಾರೆ, ನಾವು ಅಮ್ಮ ಅನ್ನುವ ಹಾಗೆ. ಒಳಗೆ ಬಂದ ಪ್ರತಿ ಗಿರಾಕಿಗೂ ಅತ್ತೆಯನ್ನು ತೋರಿಸಿ, "ದೇಖಿಯೇ, ಬಾ ಸೋ ಗಯೀ. ಔರ್ ಕ್ಯಾ ಗ್ಯಾರಂಟಿ ಚಾಹಿಯೇ?" ಎಂದು ಪಿಸುಗುಟ್ಟಿದರು, ಬಾ ನಿದ್ದೆಹೋದರಲ್ಲ, ಇನ್ನೇನು ಗ್ಯಾರಂಟಿ ಬೇಕು ಎನ್ನುವಂತೆ.

ನಾವು ಹೊರಡುವ ಹೊತ್ತಿಗೆ ಆ ಫೋಮ್ ಅರ್ಧ ಖಾಲಿಯಾಗಿತ್ತು. ನಾಳೆಯೂ ಬನ್ನಿ ಅಂತ ಅತ್ತೆಯನ್ನು ಮಾತ್ರ ಕರೆದರು.

ಕಬ್ಬಿಣದ ಅಳತೆ

ಮನೆಗೆ ತಂದ ಫೋಮನ್ನು ಅಳೆಯಲು ಯಜಮಾನರು ವರ್ನಿಯರ್ ಕ್ಯಾಲಿಪರ್ ಹೊರತೆಗೆದರು. ಕಬ್ಬಿಣದ ಸಲಾಕೆಯ ದಪ್ಪವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವ ಉಕ್ಕಿನ ಸಾಧನ ಅದು. ಫೋಮನ್ನು ಅದರ ಬಾಯಿಗಿಟ್ಟರೆ ಫೋಮ್ ಮೆಲ್ಲಗೆ ಕುಗ್ಗಿ ಜಾಗ ಬಿಟ್ಟಿತು. ಇನ್ನೊಮ್ಮೆ ಹಿಡಿದರೆ ಇನ್ನೊಂದು ಅಳತೆ. ಇದು ನಿಜ ಹೇಳುತ್ತಿಲ್ಲ ಎಂದು ಫೋಮಿನ ಮೇಲೇ ಸಿಟ್ಟಾದರು. ನಾನು ಕುರ್ಚಿಯ ಹಲಗೆ ಬಿಚ್ಚಿ ಫೋಮಿನ ಮೇಲಿಟ್ಟು ಸ್ಕೆಚ್ ಪೆನ್ನಿನಲ್ಲಿ ಸುತ್ತ ಗೆರೆ ಎಳೆದೆ.

ಇನ್ನು ಕುಯ್ಯುವುದು. ಅವರು ಮಂಡಿಯೂರಿ ಅದುಮಿ ಹಿಡಿದು ಚಾಕು ಹಾಕಿದರು. ಮಂಡಿ ಎತ್ತಿದರೆ ಅಂಚು ಡಮರುಗದ ಸೊಂಟವಾಗಿತ್ತು. ಚಾಕು ಕಿತ್ತುಕೊಂಡು, ಬ್ರೆಡ್ ಕತ್ತರಿಸುವ ಗರಗಸದ ಚಾಕು ತಂದು, ಒಂದಿಷ್ಟೂ ಒತ್ತದೆ ಹಿಂದೆ ಮುಂದೆ ಆಡಿಸಿದೆ. ಅಂಚು ನೆಟ್ಟಗೆ ಬಂತು. ನನಗೇ ನನ್ನ ಕೈಗೆ ಮುತ್ತಿಡುವಷ್ಟು ಸಂತೋಷವಾಯಿತು. ಉಳಿದ ಹಳದಿ ಚೂರುಗಳನ್ನು ತಟ್ಟೆಗೆ ತುಂಬಿ ಮೇಜಿನ ಮೇಲಿಟ್ಟೆ.

ಸ್ವಲ್ಪ ಹೊತ್ತಿಗೆ ಅತ್ತೆ ಕರೆದರು. ಮೂಗಿನ ಮೇಲೆ ಕನ್ನಡಕ ಇರಲಿಲ್ಲ, ಕೈಯಲ್ಲಿ ಹಸಿರು ಚಟ್ನಿಯ ಬಟ್ಟಲಿತ್ತು.

"ಕಡಲೆಹಿಟ್ಟಿನ ಖಮಣ್ ಧೋಕ್ಲಾ ಚೆನ್ನಾಗಿ ಉಬ್ಬಿದೆ ಕಣಮ್ಮಾ. ಬೇಯೋದು ಮಾತ್ರ ಇನ್ನೂ ಬಾಕಿ ಇದೆ."

ಎತ್ತರದ ಸ್ಥಾನ

ಕಾರ್ಖಾನೆಯ ಅಭ್ಯಾಸ, ಎಲ್ಲದಕ್ಕೂ ಸ್ವಲ್ಪ ಮಾರ್ಜಿನ್ ಇರಲಿ ಎನ್ನುತ್ತಾ ಯಜಮಾನರು ನನಗೆ ಹೇಳದೆ ಎರಡೆರಡು ಪದರ ಅಂಟಿಸಿದ್ದರು. ಬಟ್ಟೆ ಎಳೆದು ಹಲಗೆಗೆ ಸ್ಟೇಪ್ಲರ್ ಹೊಡೆದು ಮುಗಿಸಿ, ನನ್ನನ್ನು ಸಿಂಹಾಸನಕ್ಕೆ ಕರೆದರು. ಹತ್ತಿ ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ, ತೊಡೆ ಮೇಜಿನ ಕೆಳಗೆ ತೂರಲಿಲ್ಲ. ಅತ್ತೆಯಂತೂ ಕೂತ ಜಾಗದಿಂದಲೇ ಎದುರು ಮನೆಯಲ್ಲಿ ಏನು ಅಡಿಗೆ ಎಂದು ಹೇಳಿದರು.

ವಿಡಿಯೋ ಕಾಲಿನಲ್ಲಿ ಮಗಳಿಗೆ ತೋರಿಸಿದೆವು. ಅವಳ ಕನ್ನಡ ಅಷ್ಟಕ್ಕಷ್ಟೆ, ಆದರೆ ಬೇಕಾದ ಮಾತು ಬಾಯಿಗೆ ಬಂತು.

"ಅಪ್ಪಾ, ಅವ್ರಿಗೆ ಊಟದ ಜೊತೆ ಲ್ಯಾಡರ್ ಕೂಡ ಕೊಡ್ತೀರಾ?"

ಒಂದೊಂದು ಪದರ ಕಿತ್ತು ಮತ್ತೆ ಸ್ಟೇಪ್ಲರ್ ಹೊಡೆದದ್ದಾಯಿತು.

ಭಾನುವಾರ

ಕೊನೆಗೂ ಕುರ್ಚಿಗಳು ಕುಂಕುಮಗೆಂಪು ಬಟ್ಟೆಯಲ್ಲಿ ಮದುವಣಗಿತ್ತಿಯರಂತೆ ನಿಂತವು. ಮಗಳು ಬೆಳಿಗ್ಗೆಯೇ ಅಹಮದಾಬಾದಿನಿಂದ ಬಂದಿದ್ದಳು, ಹುಡುಗನ ಅಪ್ಪ ಅಮ್ಮ ಊಟದ ಹೊತ್ತಿಗೆ ಬಂದರು. ಹುಡುಗನ ಅಪ್ಪ ಸೂರತ್‌ನ ಬಟ್ಟೆ ವ್ಯಾಪಾರಿ. ಇಸ್ತ್ರಿ ಮುರಿಯದ ಬಿಳಿ ಪೈಜಾಮ, ಮೊಣಕಾಲ ಮೇಲಿನ ಬಿಳಿ ಜುಬ್ಬಾ, ಬಿಗಿದ ಮುಖ. ಕೂರುವ ಮೊದಲು ಸೀಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಅವರ ಹೆಂಡತಿ ಆಗಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇವರೂ ಜುಬ್ಬಾ ಸುಕ್ಕಾಗದಂತೆ ಹಿಂದೆ ಎತ್ತಿಕೊಂಡು ಕೂತರು. ಮೆಲ್ಲಗೆ ಒಮ್ಮೆ ಕುಪ್ಪಳಿಸಿದರು. ಮುಖ ಸಡಿಲವಾಯಿತು. ಯಜಮಾನರಿಗೆ ತಡೆಯಲಾಗಲಿಲ್ಲ, ಎಲ್ಲ ನಾವೇ ಕುಯ್ದು ಮಾಡಿದ್ದು ಎಂದು ಹೇಳಿಯೇಬಿಟ್ಟರು. ಆ ಮನುಷ್ಯ ಉತ್ಸಾಹದಿಂದ ಎದ್ದು, ನಮ್ಮತ್ತ ಬೆನ್ನು ಮಾಡಿ, ಕುರ್ಚಿ ಮಗುಚಿ ಕೆಳಗಿನ ಕೆಲಸ ನೋಡಲು ಬಗ್ಗಿದರು. ಜುಬ್ಬಾ ಮೇಲೆ ಸರಿಯಿತು.

ಬಿಳಿ ಪೈಜಾಮದ ನಟ್ಟನಡುವೆ ದುಂಡಗೆ, ಕೆಂಪಗೆ ಒಂದು ಬೊಟ್ಟು.

ನಾನು ಅತ್ತೆಯ ಮುಖ ನೋಡಿದೆ. ಸ್ಕೂಟರ್ ಬರಲಿ, ಮಿಕ್ಸಿ ಬರಲಿ, ಕುಂಕುಮ ಕಲಸಿ ಬೊಟ್ಟಿಡದೆ ಅವರು ಬಳಸಲು ಬಿಟ್ಟವರಲ್ಲ. "ಹೊಸ ಸೀಟು ಅಲ್ವೇನಮ್ಮಾ, ಎಲ್ಲದಕ್ಕೂ ಈಗಷ್ಟೇ ಇಟ್ಟೆ. ಬಣ್ಣದಲ್ಲಿ ಬಣ್ಣ ಸೇರಿ ಕಾಣಿಸ್ತಿಲ್ಲ ಅಷ್ಟೆ," ಅಂದರು ಶಾಂತವಾಗಿ.

ನನಗೆ ಅಳುವೇ ಬಂತು. ಮಗಳ ಮದುವೆ ಅಲ್ಲಿಗೆ ಮುಗಿಯಿತು ಅನ್ನಿಸಿತು. ಮಗಳು ತಡವರಿಸುತ್ತಾ ಹಿಂದಿಯಲ್ಲಿ ವಿಷಯ ಬಿಡಿಸಿ ಹೇಳಿದಳು. ಹುಡುಗನ ಅಮ್ಮ ಗಂಡನ ಹಿಂದೆ ಹೋಗಿ ನೋಡಿದರು. ತಮ್ಮ ಸೀರೆಯನ್ನೂ ತಿರುಗಿಸಿ ನೋಡಿಕೊಂಡರು. ಅಲ್ಲೂ ಇತ್ತು. ಹೊಟ್ಟೆ ಹಿಡಿದು ನಗತೊಡಗಿದರು. ಗುಜರಾತಿಗಳಲ್ಲಿ ಸಂಬಂಧ ಗಟ್ಟಿಯಾದರೆ ಬೆಲ್ಲ ಕೊತ್ತಂಬರಿ ಬೀಜ ಹಂಚುತ್ತಾರೆ, ಅದಕ್ಕೆ ಗೋಳ್ ಧಾಣಾ ಅಂತ ಹೆಸರು. ಅವರು ನನ್ನ ಕೈ ಹಿಡಿದು, "ತಿಲಕ್ ತೋ ಹೋ ಗಯಾ ಬೆನ್, ಅಬ್ ಗೋಳ್ ಧಾಣಾ ಲಾವೋ," ಅಂದರು, ತಿಲಕವಂತೂ ಆಯಿತಲ್ಲ ಅಕ್ಕಾ, ಇನ್ನು ಬೆಲ್ಲ ತನ್ನಿ ಎಂದು.

ಎಲ್ಲರೂ ಹುಡುಗನ ಅಪ್ಪನ ಕಡೆ ನೋಡಿದೆವು. ಅವರು ಕತ್ತು ತಿರುಗಿಸಿ ತಮ್ಮ ಹಿಂಭಾಗವನ್ನು ನೋಡಿಕೊಂಡರು. ಆಮೇಲೆ ಅತ್ತೆಯ ಮುಂದೆ ಬಂದು ತಲೆ ಬಾಗಿಸಿ ನಿಂತು, ಹಿಂದಿಯಲ್ಲಿ ಕೇಳಿಕೊಂಡರು:

"ಬಾ, ಹಣೆಗೂ ಒಂದು ಇಟ್ಟುಬಿಡಿ. ಇದನ್ನು ನಿಶ್ಚಿತಾರ್ಥದ ಫೋಟೋದಲ್ಲಿ ತೋರಿಸೋದು ಹೇಗೆ?"