ಕುರಿಯ ಮಾತು ಎತ್ತಬಾರದು

ಗುತ್ಯಮ್ಮ: ಕೇಳಿದ್ದಕ್ಕೆ ಹೌದು ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ಮೂರನೇ ಮಾತು ನಿಮ್ಮ ಬಾಯಿಂದ ಬರಬಾರ್ದು.

ದೊಡ್ಡಬೀರಪ್ಪ: ಹೆಸರು ಕೇಳಿದ್ರ?

ಗುತ್ಯಮ್ಮ: ಹೆಸರು ಹೇಳಿ ಮಾರಾಯ್ರೆ! ಅಷ್ಟೂ ಗೊತ್ತಾಗಲ್ವಾ?

ದೊಡ್ಡಬೀರಪ್ಪ: ಮೂರನೇ ಮಾತು ಬ್ಯಾಡ ಅಂದಾಕಿ ನೀನ. ಹೆಸರೇನ್ರಿ ಅಂದ್ರ ನಾನು ಹೌದು ಅಂತಿದ್ದೆ.

ಗುತ್ಯಮ್ಮ ಕೈಯಲ್ಲಿದ್ದ ಪೊರಕೆಯನ್ನು ಮೂಲೆಗೆ ಎಸೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸೊರಬದ ಕಡೆಯ ಜಡೆಯಿಂದ ತೊಗರ್ಸಿಗೆ ಸೊಸೆಯಾಗಿ ಬಂದವಳು ಅವಳು. ಬಂದ ದಿನದಿಂದ ಗಂಡ ಹೆಂಡಿರ ನಡುವೆ ಮಾತಿಗೆ ಬರ ಬಂದದ್ದೇ ಇಲ್ಲ. ಬಾರದೇ ಹೋದದ್ದು ಮಕ್ಕಳು. ಹೊತ್ತ ಹರಕೆಗಳೆಲ್ಲ ದೇವರ ಹತ್ತಿರವೇ ಉಳಿದವು. ಕೊನೆಗೆ, ಕನ್ನಡ ನಾಡು ಒಂದಾದ ಮಾರನೆಯ ವರ್ಷ, ಇಬ್ಬರೂ ಬೆಂಗಳೂರಿಗೆ ಹೋಗಿ ಅಲ್ಲಿನ ಒಂದು ಅನಾಥಾಲಯದಲ್ಲಿ, ನಮಗೊಂದು ಮಗು ಕೊಡಿ, ಸಾಕುತ್ತೇವೆ ಎಂದು ಅರ್ಜಿ ಹಾಕಿ ಬಂದರು. ಅರ್ಜಿ ಹಾಕಿದವರಿಗೆಲ್ಲ ಮಗು ಕೊಡುವುದಿಲ್ಲವಂತೆ. ಅಲ್ಲಿಂದ ಒಬ್ಬರು ಬಂದು, ಮನೆ ನೋಡಿ, ಗಂಡ ಹೆಂಡತಿಯನ್ನು ಮಾತಾಡಿಸಿ, ಇವರು ಮಗು ಸಾಕಲು ಯೋಗ್ಯರು ಎಂದು ಸರ್ಟಿಫಿಕೇಟು ಕೊಡಬೇಕಂತೆ. ಆ ಒಬ್ಬರು ಬರುವ ದಿನ ಇವತ್ತು.

ಗುತ್ಯಮ್ಮ: ಮತ್ತೆ ಇನ್ನೊಂದು. ಕುರಿ ಸುದ್ದಿ ಎತ್ತಬಾರ್ದು.

ದೊಡ್ಡಬೀರಪ್ಪ: ಕುರಿ ಏನ್ ಮಾಡ್ಯಾವ ನಿನಗ?

ಗುತ್ಯಮ್ಮ: ಕುರಿ ಎಂತದೂ ಮಾಡಿಲ್ಲ. ಮಾಡಿದ್ದು ನೀವು. ಬೆಂಗಳೂರಲ್ಲಿ ಆ ಗುಮಾಸ್ತರು ಎಷ್ಟು ದೊಡ್ಡ ಮಗು ಬೇಕು ಅಂತ ಕೇಳಿದ್ರೆ ಎಂತ ಅಂದ್ರಿ?

ದೊಡ್ಡಬೀರಪ್ಪ: ಎರಡು ಹಲ್ಲಿಂದು ಇರ್ಲಿ ಅಂದೆ.

ಗುತ್ಯಮ್ಮ: ಆಮೇಲೆ?

ದೊಡ್ಡಬೀರಪ್ಪ: ತುಟಿ ಎತ್ತಿ ತೋರಿಸ್ರಿ ಅಂದೆ. ಹಲ್ಲು ನೋಡದ ವಯಸ್ಸು ಹೆಂಗ ತಿಳೀತೈತಿ?

ಗುತ್ಯಮ್ಮ: ಅಂಗಳದಲ್ಲಿ ಆಡ್ತಿದ್ದ ಹುಡುಗನ್ನ ಹಿಡ್ಕಂಡು ಬೆನ್ನು ಸವರಿದ್ದು?

ದೊಡ್ಡಬೀರಪ್ಪ: ಮೈ ಕೈ ತುಂಬ್ಕಂಡಿರ್ಲಿಲ್ಲ ಲೇ. ಎಲುಬು ಕೈಗೆ ಸಿಕ್ತಿದ್ವು. ಹೊಟ್ಟಿ ಚುರ್ ಅಂತು ನನಗ.

ಗುತ್ಯಮ್ಮ: ಚುರ್ ಅನ್ನಿಸ್ಕಳಿ, ಬೇಡ ಅನ್ನಲ್ಲ. ಬಾಯಲ್ಲಿ ಹೇಳ್ಬೇಡಿ. ಮಕ್ಕಳನ್ನ ಕುರಿ ಹಂಗೆ ನೋಡ್ತಾರೆ ಅಂತ ಬರೆದು ಹಾಕಿದ್ರೆ ಮುಗೀತು. ಆಣೆ ಮಾಡಿ.

ದೊಡ್ಡಬೀರಪ್ಪ: ಮಲ್ಲಿಕಾರ್ಜುನನ ಆಣಿ. ಕುರಿ ಅನ್ನೋ ಮಾತು ನನ್ನ ಬಾಯಿಂದ ಬರಂಗಿಲ್ಲ. ಸಾಕಾ?

ಕುರಿಗಳನ್ನು ಗುತ್ಯಮ್ಮ ಬೆಳಗ್ಗೆಯೇ ಮೈದುನ ರಂಗಪ್ಪನ ಜೊತೆ ಕೆರೆಯಾಚೆ ಅಟ್ಟಿದ್ದಳು. ಕಂಬಳಿ ಅಟ್ಟ ಸೇರಿತ್ತು. ಹಿಕ್ಕೆಯ ವಾಸನೆ ಹೋಗಲೆಂದು ಮನೆಗೆಲ್ಲ ಲೋಬಾನದ ಹೊಗೆ ಹಾಕಿದ್ದಳು. ದೊಡ್ಡಬೀರಪ್ಪನಿಗೆ ಕೆಮ್ಮು ಬಂದಿತ್ತು. ಅದಕ್ಕೂ ಬೈಸಿಕೊಂಡಿದ್ದ.

ಬಿಸಿಲೇರುವ ಹೊತ್ತಿಗೆ ಶಿರಾಳಕೊಪ್ಪದ ಬಸ್ಸಿನಿಂದ ಅನಾಥಾಲಯದ ಯಮುನಮ್ಮ ಇಳಿದರು. ನಡುವಯಸ್ಸಿನ ಹೆಂಗಸು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚರ್ಮದ ಚೀಲ. ಗುತ್ಯಮ್ಮ ಅವರನ್ನು ಮೇಷ್ಟ್ರ ಮನೆಯಿಂದ ತಂದಿಟ್ಟಿದ್ದ ಕುರ್ಚಿಯ ಮೇಲೆ ಕೂರಿಸಿ, ಕಾಫಿಗೆ ಇಟ್ಟು, ಆಮೇಲೆ ನೆನಪಾಗಿ ಬಾಯಿ ಕಚ್ಚಿಕೊಂಡಳು. ಮನೆಯಲ್ಲಿ ಕಪ್ಪು ಬಸಿ ಇರಲಿಲ್ಲ. ಗಂಡನಿಗೆ ಕಣ್ಣಲ್ಲೇ ಒಂದು ಎಚ್ಚರಿಕೆ ಕೊಟ್ಟು, ಹಿತ್ತಲ ಬಾಗಿಲಿಂದ ನೆರೆಯ ಶೇಷಮ್ಮನ ಮನೆಗೆ ಓಡಿದಳು.

ಯಮುನಮ್ಮ: ಕೂತ್ಕೊಳ್ಳಿ. ಯಾಕೆ ನಿಂತೇ ಇದ್ದೀರಿ?

ದೊಡ್ಡಬೀರಪ್ಪ: ಹೌದು.

ಯಮುನಮ್ಮ: ಬೆಳಗ್ಗಿಂದ ಕಾಯ್ತಾ ಇದ್ರಾ?

ದೊಡ್ಡಬೀರಪ್ಪ: ಇಲ್ಲ.

ಯಮುನಮ್ಮ: ನನ್ನ ಕಂಡ್ರೆ ಭಯಾನಾ?

ದೊಡ್ಡಬೀರಪ್ಪ: ಹೌದು. ಇಲ್ಲ.

ಯಮುನಮ್ಮ ನಕ್ಕರು. ಮನುಷ್ಯ ಸಾಧು ಅನ್ನಿಸಿರಬೇಕು, ಚೀಲ ಪಕ್ಕಕ್ಕಿಟ್ಟು ಮೆತ್ತಗೆ ಮಾತಿಗಿಳಿದರು.

ಯಮುನಮ್ಮ: ನೋಡಿ, ತಬ್ಬಲಿಗಳನ್ನ ಸಾಕೋದು ಅಂದ್ರೆ ಸುಲಭ ಅಲ್ಲ. ನಿಮಗೆ ಅಭ್ಯಾಸ ಇದೆಯಾ?

ದೊಡ್ಡಬೀರಪ್ಪನ ಎದೆ ಅರಳಿತು. ತನ್ನ ಕಸುಬಿನ ವಿಚಾರ ಯಾರೋ ಇವರ ಕಿವಿಗೆ ಹಾಕಿರಬೇಕು ಅಂದುಕೊಂಡ. ತಾಯಿ ಸತ್ತ ಮರಿಗೆ ಅವನ ಮನೆಯಲ್ಲಿ ತಬ್ಬಲಿ ಅನ್ನುವುದಲ್ಲದೆ ಬೇರೆ ಹೆಸರೇ ಇರಲಿಲ್ಲ. ಕುರಿ ಅನ್ನಬಾರದು ಎಂದು ಹೆಂಡತಿ ಆಣೆ ಹಾಕಿಸಿದ್ದಳೇ ಹೊರತು ತಬ್ಬಲಿ ಅನ್ನಬಾರದೆಂದು ಹೇಳಿರಲಿಲ್ಲವಲ್ಲ!

ದೊಡ್ಡಬೀರಪ್ಪ: ಅಭ್ಯಾಸ ಏನ್ರಿ ಅಮ್ಮಾರೆ, ಹುಟ್ಟಿದಾಗಿಂದ ಅದ ಕೆಲಸ. ವರ್ಷಾ ನಾಕೈದು ತಬ್ಬಲಿ ನಮ್ಮನ್ಯಾಗ ಇದ್ದ ಇರ್ತಾವು.

ಯಮುನಮ್ಮ: ಹೌದಾ! ಅರ್ಜೀಲಿ ಇದನ್ನ ಹೇಳೇ ಇಲ್ವಲ್ಲ ನೀವು. ಎಂಥ ಪುಣ್ಯದ ಕೆಲಸ! ಎಲ್ಲಾ ತಾಯಿ ಸತ್ತವೇನಾ?

ದೊಡ್ಡಬೀರಪ್ಪ: ಕೆಲವಕ್ಕ ತಾಯಿ ಇರ್ತೈತ್ರಿ. ಹತ್ರ ಸೇರಿಸಂಗಿಲ್ಲ. ಹೋದ್ರ ಒದೀತೈತಿ.

ಯಮುನಮ್ಮ: ಹೆತ್ತವಳೇ ಒದೀತಾಳಾ? ಶಿವನೇ! ಹಾಲಿಗೆ ಏನು ಮಾಡ್ತೀರಿ?

ದೊಡ್ಡಬೀರಪ್ಪ: ಮೊದಲು ಬಟ್ಟಿ ಅದ್ದಿ ಚೀಪಿಸ್ತೀನಿ. ಸ್ವಲ್ಪ ಬಲಿತ ಮ್ಯಾಲೆ ಎಲ್ಲಾಕ್ಕೂ ಒಂದ ಬೋಗುಣ್ಯಾಗ ಹಾಕಿ ಇಡ್ತೀನಿ. ತಾವ ತಲಿ ತೂರಿಸಿ ಕುಡೀತಾವು.

ಯಮುನಮ್ಮ: ಒಂದೇ ಬೋಗುಣೀಲಾ? ಒಂದೊಂದು ಲೋಟ ಕೊಡಬಾರದಾ?

ದೊಡ್ಡಬೀರಪ್ಪ: ಲೋಟ ಕಚ್ಚಿ ಕೆಡವ್ತಾವ್ರಿ.

ಯಮುನಮ್ಮ: ಮಲಗೋಕೆ?

ದೊಡ್ಡಬೀರಪ್ಪ: ಅಗಾ, ಮೂಲ್ಯಾಗ ದೊಡ್ಡ ಬುಟ್ಟಿ ಐತಲ್ರಿ, ಅದು.

ಯಮುನಮ್ಮ: ಓ, ಬುಟ್ಟಿ ಒಳಗೆ ಮೆತ್ತಗೆ ಹಾಸಿ...

ದೊಡ್ಡಬೀರಪ್ಪ: ಒಳಗಲ್ರಿ, ಕೆಳಗ. ಅವುಗಳ ಮ್ಯಾಲೆ ಬುಟ್ಟಿ ಕವುಚಿ ಹಾಕಿ, ಅದರ ಮ್ಯಾಲೊಂದು ಕಲ್ಲು ಇಡ್ತೀನಿ.

ಯಮುನಮ್ಮ: ಕಲ್ಲು!

ದೊಡ್ಡಬೀರಪ್ಪ: ಇಡ್ಲಿಲ್ಲಂದ್ರ ಬುಟ್ಟಿ ಎತ್ತಾಕಿ ಓಡಿ ಹೋಗ್ತಾವು. ಮೊನ್ನೆ ಒಂದು ಹೋಗಿ ಶೇಷಮ್ಮನ ಹಿತ್ತಲಾಗಿನ ಬದನಿ ಗಿಡ ಬುಡಮಟ ತಿಂದು ಬಂತು.

ಯಮುನಮ್ಮ: ಗಿಡಾನೇ ತಿಂತಾ? ಅಷ್ಟು ಹಸಿವಿತ್ತಾ ಅದಕ್ಕೆ?

ದೊಡ್ಡಬೀರಪ್ಪ: ಹಸಿವಲ್ರಿ, ಕೊಬ್ಬು.

ಯಮುನಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು. ಮುಂದಿನ ಪ್ರಶ್ನೆಯನ್ನು ಸ್ವಲ್ಪ ತಡವರಿಸಿ ಕೇಳಿದರು.

ಯಮುನಮ್ಮ: ಇಷ್ಟೊಂದಿದ್ರೆ... ಯಾವುದು ನಿಮ್ಮದು ಅಂತ ಗುರುತು ಸಿಗುತ್ತಾ?

ದೊಡ್ಡಬೀರಪ್ಪ: ಕಿವಿ ಮಾಡ್ತೀವಲ್ರಿ.

ಯಮುನಮ್ಮ: ಚುಚ್ಚಿಸ್ತೀರಿ ಅನ್ನಿ.

ದೊಡ್ಡಬೀರಪ್ಪ: ಚುಚ್ಚಾದಲ್ರಿ, ಕೊಯ್ಯಾದು. ತುದೀಗೆ ಇಷ್ಟ ಇಷ್ಟು. ನನ್ನ ತಮ್ಮ ರಂಗಪ್ಪಂದು ಎಡಗಿವಿ, ನಮ್ಮದು ಬಲಗಿವಿ.

ಯಮುನಮ್ಮನ ಕೈ ತಾನಾಗಿ ತಮ್ಮ ಬಲಗಿವಿಗೆ ಹೋಯಿತು.

ಯಮುನಮ್ಮ: ಈಗ ಅವೆಲ್ಲ ಎಲ್ಲಿ? ಒಂದೂ ಕಾಣಿಸ್ತಾ ಇಲ್ವಲ್ಲ.

ದೊಡ್ಡಬೀರಪ್ಪ: ನೀವು ಬರ್ತೀರಿ ಅಂತ ಹೊರಗ ಅಟ್ಟೀವ್ರಿ. ಅದೂ ಹೆಣ್ಣಷ್ಟ ಉಳಿದಾವು. ಗಂಡು ಬಲಿತ ಮ್ಯಾಲೆ ಶಿರಾಳಕೊಪ್ಪದ ಸಂತೀಗೆ ಹೊಡಕೊಂಡು ಹೋಗ್ತೀವಿ. ಹಬ್ಬದ ಮುಂದಂತೂ ನಿಂತ ಕಾಲ ಮ್ಯಾಲೆ ಖರ್ಚಾಗ್ತಾವು.

ಯಮುನಮ್ಮನ ಮುಖ ಬಿಳಿಚಿಕೊಂಡಿತು. ಬಿಸಿಲಲ್ಲಿ ಬಂದ ಸುಸ್ತು ಎಂದು ದೊಡ್ಡಬೀರಪ್ಪ ತಿಳಿದ. ಇವರ ಮನಸ್ಸು ಗೆಲ್ಲಬೇಕು, ಗೆದ್ದರೆ ಮನೆಗೊಂದು ಮಗು ಬರುತ್ತದೆ. ತನ್ನ ಬತ್ತಳಿಕೆಯಲ್ಲಿದ್ದ ಅತಿ ದೊಡ್ಡ ವಿದ್ಯೆಯನ್ನು ಅವನು ಆಗ ಹೊರತೆಗೆದ.

ದೊಡ್ಡಬೀರಪ್ಪ: ಇನ್ನೊಂದು ಐತ್ರಿ ಅಮ್ಮಾರೆ, ಅದು ಎಲ್ಲಾರ ಕೈಲಿ ಆಗಂಗಿಲ್ಲ. ಒಬ್ಬಾಕಿದು ಸತ್ತಿರ್ತೈತಿ ಅನ್ರಿ. ಅದ ಹೊತ್ತಿಗೆ ಇನ್ನೊಂದು ತಬ್ಬಲಿ ಆಗಿರ್ತೈತಿ. ಇದನ್ನ ಒಯ್ದು ಬಿಟ್ರ ಆಕಿ ಒಪ್ಪಂಗಿಲ್ಲ. ಆವಾಗ ನಾನು ಸತ್ತಿದ್ದರ ಚರ್ಮ ಸುಲಿದು...

ಯಮುನಮ್ಮ: ಏನು ಸುಲಿದು?

ದೊಡ್ಡಬೀರಪ್ಪ: ಚರ್ಮ ರೀ. ಸುಲಿದು, ತಬ್ಬಲಿ ಮೈಮ್ಯಾಲೆ ಹೊದಿಸಿ ಬಿಡ್ತೀನಿ. ಆಕಿ ಮೂಸಿ ನೋಡ್ತಾಳ. ತನ್ನದ ಅಂತ ತಿಳಕಂಡು ಹಾಲು ಕುಡಿಸ್ತಾಳ!

ಕುರ್ಚಿ ಹಿಂದಕ್ಕೆ ಉರುಳಿತು. ಯಮುನಮ್ಮ ಗೋಡೆಗೆ ಬೆನ್ನು ಹಚ್ಚಿ, ಕೊಡೆಯನ್ನು ಈಟಿಯಂತೆ ಮುಂದೆ ಚಾಚಿ ನಿಂತರು.

ಯಮುನಮ್ಮ: ಹತ್ತಿರ ಬರಬೇಡಿ! ಅಲ್ಲೇ ನಿಲ್ಲಿ! ಈ ಊರಲ್ಲಿ ಪಟೇಲರು ಯಾರಾದ್ರೂ ಇದ್ದಾರಾ? ಪೊಲೀಸರು?

ದೊಡ್ಡಬೀರಪ್ಪ: ಅದಾರ್ರಿ, ಎಲ್ಲಾರಿಗೂ ಗೊತ್ತೈತಿ. ಪಟೇಲರ ಮನೀಗೂ ಹೋಗಿ ನಾನ ಮಾಡಿಕೊಟ್ಟೀನಿ.

ಅದೇ ಹೊತ್ತಿಗೆ ಗುತ್ಯಮ್ಮ ಕಪ್ಪು ಬಸಿಯಲ್ಲಿ ಕಾಫಿ ಹಿಡಿದು ಒಳಬಂದಳು. ಉರುಳಿದ ಕುರ್ಚಿ ನೋಡಿದಳು, ಕೊಡೆ ನೋಡಿದಳು, ಗಂಡನ ಮುಖ ನೋಡಿದಳು.

ಗುತ್ಯಮ್ಮ: ಎಂತ ಹೇಳಿದ್ರಿ?

ದೊಡ್ಡಬೀರಪ್ಪ: ನೀ ಬ್ಯಾಡ ಅಂದದ್ದು ಒಂದೂ ಹೇಳಿಲ್ಲ.

ಯಮುನಮ್ಮ: ಅಮ್ಮಾ, ನಿಮಗೂ ಇದೆಲ್ಲ ಗೊತ್ತಾ? ತಬ್ಬಲಿಗಳನ್ನ ಕಲ್ಲಿಟ್ಟು ಮುಚ್ಚೋದು, ಕಿವಿ ಕೊಯ್ಯೋದು, ಸಂತೇಲಿ ಮಾರೋದು, ಚರ್ಮ... ಚರ್ಮ...

ಗುತ್ಯಮ್ಮ: ಅಯ್ಯೋ ದೇವರೇ! ಕುರಿ ಅಂದ್ರಾ ನೀವು?

ದೊಡ್ಡಬೀರಪ್ಪ: ಆಣಿ ಮಾಡೀನಲ್ಲ, ಒಂದ್ ಸಲಾನೂ ಅಂದಿಲ್ಲ.

ಗುತ್ಯಮ್ಮ: ಅನ್ನಬೇಕಿತ್ತಲ್ಲ ಮಾರಾಯ್ರೆ!

ದೊಡ್ಡಬೀರಪ್ಪ: ಬೆಳಗ್ಗಿಂದ ಅನಬ್ಯಾಡ ಅನಬ್ಯಾಡ ಅಂತ ತಲಿ ತಿಂದಾಕಿ ಯಾರು?

ಗುತ್ಯಮ್ಮ: ಎಲ್ಲಿ ಅನ್ನಬಾರ್ದೋ ಅಲ್ಲಿ ಅನ್ನಬೇಡಿ ಅಂದಿದ್ದು!

ಯಮುನಮ್ಮ: (ಕೊಡೆಯನ್ನು ಸ್ವಲ್ಪ ಇಳಿಸಿ) ಕುರಿ? ಯಾವ ಕುರಿ?

ಗುತ್ಯಮ್ಮ: ನಮ್ಮ ಕುರೀನೇ ಅಮ್ಮಾರೆ. ಬುಟ್ಟಿ ಕೆಳಗೆ ಇಡೋದು ಕುರಿಮರಿ. ಕಿವಿ ಕುರಿಮರೀದು. ಚರ್ಮಾನೂ ಅದರದ್ದೇ.

ಯಮುನಮ್ಮ: ಬದನೆ ಗಿಡ?

ಗುತ್ಯಮ್ಮ: ಅದು ಶೇಷಮ್ಮಂದು. ತಿಂದಿದ್ದು ಕುರಿಮರಿ.

ಯಮುನಮ್ಮ ಕುರ್ಚಿಯನ್ನು ತಾವೇ ಎತ್ತಿ ನಿಲ್ಲಿಸಿ, ಮೆಲ್ಲಗೆ ಕೂತರು. ಕಾಫಿ ಒಂದು ಗುಟುಕು ಕುಡಿದರು. ದೊಡ್ಡಬೀರಪ್ಪನಿಗೆ ತಾನು ಏನೇನು ಹೇಳಿದೆ ಎಂಬುದು ಒಂದೊಂದಾಗಿ ಅರ್ಥವಾಗುತ್ತ ಬಂತು. ಚರ್ಮದ ಮಾತಿನವರೆಗೆ ಬಂದಾಗ ಅವನಿಗೇ ಮೈ ಜುಮ್ಮೆಂದಿತು.

ಯಮುನಮ್ಮ: ಸರಿ. ಕೊನೇ ಪ್ರಶ್ನೆ. ಇದು ಎಲ್ಲರಿಗೂ ಕೇಳೋದೇ. ಮನೇಲಿ ಗಂಡ ಹೆಂಡತಿ ಜಗಳ ಏನಾದ್ರೂ ಉಂಟಾ?

ಗುತ್ಯಮ್ಮ: ಇಲ್ಲ ಅಮ್ಮಾರೆ.

ದೊಡ್ಡಬೀರಪ್ಪ: ಹೌದ್ರಿ.

ಗುತ್ಯಮ್ಮ: ಎಂತ ಹೌದು? ಯಾವಾಗ ಜಗಳ ಆಡಿದ್ವಿ ನಾವು?

ದೊಡ್ಡಬೀರಪ್ಪ: ಯಾವಾಗ ಆಡಿಲ್ಲ ಅಂತ ಕೇಳು, ನೆನಪು ಮಾಡಿ ಹೇಳ್ತೀನಿ.

ಗುತ್ಯಮ್ಮ: ಅದು ಜಗಳ ಅಲ್ಲ, ಮಾತುಕತೆ.

ದೊಡ್ಡಬೀರಪ್ಪ: ಮೊನ್ನೆ ಮಾತುಕತಿ ಆಡಿ ಸೌಟು ಎಸೆದಾಕಿ ಯಾರು?

ಗುತ್ಯಮ್ಮ: ನಿಮಗೆ ತಾಗ್ಲಿಲ್ವಲ್ಲ!

ದೊಡ್ಡಬೀರಪ್ಪ: ಗುರಿ ಇಲ್ಲ ನಿನಗ, ಅದಕ್ಕ.

ಗುತ್ಯಮ್ಮ: ಗುರಿ ಇತ್ತು! ಬೇಕಂತಲೇ ತಪ್ಪಿಸಿ ಎಸೆದಿದ್ದು. ಪಾಪ, ಗಂಡ ಅಂತ.

ಯಮುನಮ್ಮ: ಸ್ವಲ್ಪ ಕೇಳಿ...

ಯಾರೂ ಕೇಳಲಿಲ್ಲ. ಸೌಟಿನಿಂದ ಹೊರಟ ಮಾತು ಜಡೆಯ ಬೀಗರ ಮನೆಗೆ ಹೋಯಿತು, ಅಲ್ಲಿಂದ ಮದುವೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದದ್ದಕ್ಕೆ ಬಂತು, ಉಪ್ಪು ಕಮ್ಮಿಯಿತ್ತೋ ಇವನ ನಾಲಿಗೆಯೇ ಸತ್ತಿತ್ತೋ ಎಂಬಲ್ಲಿ ಸಿಕ್ಕಿಕೊಂಡಿತು. ಯಮುನಮ್ಮ ಕಾಫಿ ಮುಗಿಸಿ, ಬಸಿಯನ್ನು ನೆಲಕ್ಕಿಟ್ಟು, ಚೀಲ ಹೆಗಲಿಗೆ ಹಾಕಿ ಎದ್ದು ನಿಂತರು.

ಆಗ ಜಗಳ ಅರ್ಧಕ್ಕೇ ನಿಂತಿತು. ಬೆಂಗಳೂರಲ್ಲಿ ತಾನು ಬೆನ್ನು ಸವರಿದ ಆ ಬಡಕಲು ಹುಡುಗ ದೊಡ್ಡಬೀರಪ್ಪನ ಕಣ್ಣಮುಂದೆ ಬಂದ. ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನ ತುದಿ ಹಿಂಡುತ್ತಿದ್ದಳು.

ಗುತ್ಯಮ್ಮ: ನಮಗೆ ಮಗು ಸಿಗಲ್ಲ ಅಲ್ವಾ ಅಮ್ಮಾರೆ?

ಯಮುನಮ್ಮ: ಮಗು ಸಿಗಲ್ಲ.

ದೊಡ್ಡಬೀರಪ್ಪ: ತಪ್ಪು ನಂದು ರೀ. ಆಕಿದು ಏನೂ ಇಲ್ಲ. ಆಕಿ ಒಳ್ಳ್ಯಾಕಿ.

ಯಮುನಮ್ಮ: ಮಕ್ಕಳು ಸಿಗ್ತಾರೆ. ಇಬ್ಬರು.

ಗುತ್ಯಮ್ಮ: ಹಾಂ?

ಯಮುನಮ್ಮ: ಅಣ್ಣ ತಂಗಿ. ಒಬ್ಬರನ್ನ ಬಿಟ್ಟು ಒಬ್ಬರು ಇರಲ್ಲ, ಸೇರಿದ್ರೆ ಜಗಳ ಬಿಡಲ್ಲ. ಮಲ್ಲೇಶ್ವರದವರು ಕರ್ಕೊಂಡು ಹೋಗಿ ಹಬ್ಬ ಮುಗಿಯೋದ್ರೊಳಗೆ ವಾಪಸ್ ತಂದು ಬಿಟ್ರು. ಬಸವನಗುಡಿಯವರು ಜಟಕಾ ಹತ್ತಿಸಿ ಕಳಿಸಿದ್ರು, ಜೊತೇಲಿ ಬರೋಕೂ ಧೈರ್ಯ ಸಾಲಲಿಲ್ಲ. ಮನೇಲಿ ನಮಗೆ ಮಾತಾಡೋಕೆ ಸಂದೇ ಸಿಗಲ್ಲ ಅಂತ ಎಲ್ಲರ ದೂರೂ ಒಂದೇ. ಅವರಿಗೊಂದು ಮನೆ ಹುಡುಕಿ ಹುಡುಕಿ ನನಗೆ ಸಾಕಾಗಿತ್ತು. ಈ ಮನೆಯಾದ್ರೆ ಪರವಾಗಿಲ್ಲ. ಇಲ್ಲಿ ಅವರಿಗೇ ಸಂದು ಸಿಗಲ್ಲ. ಸರ್ಟಿಫಿಕೇಟು ಅಂಚೇಲಿ ಬರುತ್ತೆ.

ಗುತ್ಯಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡಬೀರಪ್ಪ ಛಾವಣಿಯ ತೊಲೆಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿದ.

ದೊಡ್ಡಬೀರಪ್ಪ: ಹುಡುಗಿ ನನ್ನ ಮಗ್ಗುಲಾಗ ಮಲಗ್ತಾಳ.

ಗುತ್ಯಮ್ಮ: ನಿಮ್ಮ ಗೊರಕೆಗೆ ಹೆದರ್ಕಂಡು ಸಾಯಲಿ ಅಂತಾನಾ? ನನ್ನ ಮಗ್ಗುಲಲ್ಲಿ.

ದೊಡ್ಡಬೀರಪ್ಪ: ನೀ ನಿದ್ದೀಲಿ ಒದೀತಿ.

ಗುತ್ಯಮ್ಮ: ನಿಮ್ಮನ್ನ ಒದೆಯೋದು ನಿದ್ದೇಲಲ್ಲ, ಎಚ್ಚರ ಇದ್ದೇ!

ಯಮುನಮ್ಮ ಅಷ್ಟರಲ್ಲಿ ಅಂಗಳಕ್ಕಿಳಿದಿದ್ದರು. ಕೊಡೆ ಬಿಚ್ಚಿ, ಒಮ್ಮೆ ಹಿಂದಿರುಗಿ ಬಾಗಿಲ ಕಡೆ ನೋಡಿದರು.

ಯಮುನಮ್ಮ: ಇದ್ದಬದ್ದ ಜಗಳಾನೆಲ್ಲ ಇವತ್ತೇ ಮುಗಿಸಿಬಿಡಬೇಡಿ. ಮಕ್ಕಳಿಗೂ ಒಂದಿಷ್ಟು ಉಳಿಸಿ!